ಫಾತಿಮಾಬಿಯ ಒಣಖಂಡ

ಜರೀನಾಬಿಗೆ ಬದುಕಿದ್ದ ಹೆಂಗಸರ ಮೇಲೆ ಯಾವತ್ತೂ ಹೊಟ್ಟೆಕಿಚ್ಚು ಬಂದದ್ದಿಲ್ಲ. ಓಣಿಯಲ್ಲಿ ಯಾರು ಹೊಸ ಸೀರೆ ಉಟ್ಟರೂ, ಯಾರ ಕೊರಳಿಗೆ ಎಷ್ಟು ಎಳೆ ಬಿದ್ದರೂ ಅವಳು ತಿರುಗಿ ನೋಡುವವಳಲ್ಲ. ಅವಳ ಹೊಟ್ಟೆ ಉರಿಯುತ್ತಿದ್ದದ್ದು ಮಣ್ಣು ಸೇರಿ ಹೋದ ಒಬ್ಬಳ ಮೇಲೆ. ಅದಾದರೂ ನೇರ ಅವಳ ಮೇಲೆಯೇ ಅಂದರೆ ಅದೂ ಅಲ್ಲ. ಆ ಸತ್ತವಳು ಉಪ್ಪು ಹಚ್ಚಿ ಒಣಗಿಸಿ, ಅಡುಗೆಮನೆಯಲ್ಲಿ ಒಂದು ಕರಿ ಗಡಿಗೆ ತುಂಬ ಇಟ್ಟು ಹೋದ ಕಡವೆ ಮಾಂಸದ ಮೇಲೆ. ಮಾಂಸದ ಮೇಲೆ ಹೊಟ್ಟೆಕಿಚ್ಚು ಪಡುವವರೂ ಇರುತ್ತಾರೆಯೇ ಎಂದು ನೀವು ನಗಬಹುದು. ಆ ಮನೆಯಲ್ಲಿ ಒಂದು ವಾರ ಸಂಸಾರ ಮಾಡಿ ಬಂದು ಆಮೇಲೆ ನಗಿರಿ.

ಮನೆ ಖಾಜಾಸಾಬನದು. ಕಲಘಟಗಿಯಿಂದ ಪಡುವಣಕ್ಕೆ, ಭತ್ತದ ಗದ್ದೆಗಳು ಮುಗಿದು ಅಡವಿ ಶುರುವಾಗುವ ಕಡೆಯ ಒಂದು ಸಣ್ಣ ಊರು. ಅವನ ಮೊದಲ ಹೆಂಡತಿ ಫಾತಿಮಾಬಿ ಎಪ್ಪತ್ತನೇ ಇಸವಿಯ ಮಳೆಗಾಲದಲ್ಲಿ ಜ್ವರಕ್ಕೆ ಹೋದಳು. ಮಕ್ಕಳಾಗಿರಲಿಲ್ಲ. ಮಗ ಒಂಟಿಯಾಗಿ ಗದ್ದೆ ಬದುವಿನ ಮೇಲೆ ಕೂತಿರುವುದನ್ನು ನೋಡಲಾರದೆ ತಾಯಿ ಶಮೀಮಾಬಿ ಸುಗ್ಗಿಗೆ ಮುಂಚೆಯೇ ಓಡಾಡಿ, ಸಂಶಿಯ ಬಾಷಾಸಾಬನ ಮಗಳು ಜರೀನಾಳನ್ನು ನಿಕಾ ಮಾಡಿಸಿ ತಂದಳು. ಸಂಶಿ ಅಂದರೆ ಎರೆ ಹೊಲದ ಸೀಮೆ. ಹತ್ತಿ, ಜೋಳ, ಮೆಣಸಿನಕಾಯಿ. ಅಲ್ಲಿ ನೆರಳಿಗೆ ಒಂದು ಗಿಡ ಬೇಕೆಂದರೂ ಹುಡುಕಿಕೊಂಡು ಹೋಗಬೇಕು. ಅಲ್ಲಿ ಜರೀನಾ ತಿಂದು ಬೆಳೆದದ್ದು ಹಬ್ಬದ ಕುರಿ, ಮದುವೆಯ ಪಲಾವು. ಅಡವಿಯ ಮಾಂಸವನ್ನು ಕಣ್ಣಿನಿಂದ ಕಂಡವಳೇ ಅಲ್ಲ.

ಇಲ್ಲಿ ಹಾಗಲ್ಲ. ಬೇಟೆಯ ಕಾಯಿದೆ ಇನ್ನೂ ಇತ್ತ ಮುಖ ಹಾಕಿರದ ಕಾಲ. ಚಳಿಗಾಲದಲ್ಲಿ ಕಡವೆಗಳು ಗದ್ದೆಗೆ ನುಗ್ಗಿದಾಗ ಬಾಜು ಮನೆಯ ಬೇಡರ ದುರಗಪ್ಪ ತನ್ನ ಕೇಪಿನ ಬಂದೂಕು ತೆಗೆಯುತ್ತಿದ್ದ, ಖಾಜಾಸಾಬ ಚೂರಿ ಹಿಡಿದು ಅವನ ಹಿಂದೆ ಹೋಗುತ್ತಿದ್ದ. ಗುಂಡು ದುರಗಪ್ಪನದು, ಓಟ ಖಾಜಾಸಾಬನದು. ಬಿದ್ದ ಪ್ರಾಣಿಯಲ್ಲಿ ಉಸಿರು ಇರುವಾಗಲೇ ಓಡಿ ಮುಟ್ಟಿ, ಬಿಸ್ಮಿಲ್ಲಾ ಎಂದು ಕುತ್ತಿಗೆಗೆ ಚೂರಿ ಹಾಕಿದರೆ ಅರ್ಧ ಪಾಲು ಅವನ ಮನೆಗೆ. ಓಡುವಷ್ಟರಲ್ಲಿ ಪ್ರಾಣ ಹೋಗಿದ್ದರೆ ಪೂರಾ ದುರಗಪ್ಪನ ಮನೆಗೆ, ಖಾಜಾಸಾಬ ಬರಿಗೈಯಲ್ಲಿ ಬರಬೇಕು. ಹೀಗೆ ಬಂದ ಪಾಲನ್ನು ಒಂದೇ ದಿನ ತಿಂದು ಮುಗಿಸಲು ಆಗುವುದಿಲ್ಲವಲ್ಲ. ಅದಕ್ಕೇ ಉಪ್ಪು, ಬಿಸಿಲು, ಹೊಗೆ.

ಈ ಮೂರರಲ್ಲಿ ಫಾತಿಮಾಬಿಯ ಕೈ ಪಳಗಿತ್ತಂತೆ. ಮಾಂಸವನ್ನು ನಾರು ಹಿಡಿದು ಬೆರಳಗಲದ ಎಳೆ ತೆಗೆಯುತ್ತಿದ್ದಳಂತೆ, ಒಂದು ಎಳೆಯಲ್ಲೂ ಕೊಬ್ಬು ಉಳಿಸುತ್ತಿರಲಿಲ್ಲವಂತೆ. ಕಲ್ಲುಪ್ಪು, ಅರಿಶಿನ, ಬೆಳ್ಳುಳ್ಳಿ ಜಜ್ಜಿ ಹಚ್ಚಿ, ಹಗ್ಗಕ್ಕೆ ಹಾಕಿ ಬಿಸಿಲು ಕುಡಿಸಿ, ಆಮೇಲೆ ಒಲೆಯ ಮೇಲೆ ಹೊಗೆಗೆ ತೂಗುಬಿಡುತ್ತಿದ್ದಳಂತೆ. ನೇರಳೆ ಕಟ್ಟಿಗೆಯದೇ ಹೊಗೆ ಆಗಬೇಕಂತೆ. ಈ ಅಂತೆಗಳನ್ನೆಲ್ಲ ಜರೀನಾ ನಿಕಾ ಆದ ವಾರದಲ್ಲೇ ಕೇಳಿ ಮುಗಿಸಿದ್ದಳು. ಅತ್ತೆ ಹೇಳಿದಳು, ನೋಡಲು ಬಂದ ಹೆಂಗಸರು ಹೇಳಿದರು, ಕಲಘಟಗಿಯಿಂದ ಬಂದ ಖಾಜಾಸಾಬನ ಸೋದರಮಾವ ರಸೂಲಸಾಬ ಹೊಸ ಸೊಸೆಯ ಕೈಯ ಚಹಾ ಕುಡಿಯುತ್ತಲೇ, ಫಾತಿಮಾಳ ಖಂಡ ಇನ್ನೂ ಉಳಿದಿದೆಯೇ ಎಂದು ಅಟ್ಟದ ಕಡೆಗೆ ಕಣ್ಣು ಹಾಯಿಸಿದ. ಹೊಸ ಸೊಸೆಗೆ ಆಶೀರ್ವಾದ ಮಾಡುವುದು ಮರೆತು ಗಡಿಗೆಯ ಯೋಗಕ್ಷೇಮ ಕೇಳಿದ ಮನುಷ್ಯನಿಗೆ ಏನನ್ನಬೇಕು ಹೇಳಿ.

ಅದೆಲ್ಲ ಹೋಗಲಿ, ಜರೀನಾ ನುಂಗಿಕೊಂಡಾಳು. ನುಂಗಲಾರದ್ದು ಗಂಡನದು. ಗುರುವಾರ ಸಂಜೆ ದರ್ಗಾಕ್ಕೆ ದೀಪ ಹಚ್ಚಿ ಬಂದ ಮೇಲೆ ಖಾಜಾಸಾಬ ತಾನೇ ಗಡಿಗೆ ಇಳಿಸುತ್ತಿದ್ದ. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಒಣ ಕೈಯಿಂದ ಒಂದೆರಡು ಎಳೆ ತೆಗೆದು ಅವಳಿಗೆ ಕೊಡುತ್ತಿದ್ದ. ಕೊಟ್ಟವನು ಬಟ್ಟೆ ಕಟ್ಟಬೇಕೋ ಬೇಡವೋ? ಇಲ್ಲ. ಕಟ್ಟುವ ಮುಂಚೆ ಗಡಿಗೆಯ ಬಾಯಿಗೆ ಮುಖ ಇಟ್ಟು ಒಂದು ಉಸಿರು ಎಳೆದುಕೊಳ್ಳುತ್ತಿದ್ದ. ಹೆಂಡತಿಯ ಮುಡಿಗೆ ಮೂಗು ಇಡುವ ಗಂಡಸಿನ ಹಾಗೆ. ಜರೀನಾ ಅದನ್ನು ಒಲೆಯ ಮುಂದಿನಿಂದ ನೋಡುತ್ತಿದ್ದಳು. ಅವಳ ಮುಡಿಗೆ ಅವನು ಹಾಗೆ ಮೂಗು ಇಟ್ಟದ್ದು ಅವಳಿಗೆ ನೆನಪಿರಲಿಲ್ಲ.

ಮೊದಲ ಸಲ ಅವಳು ಆ ಎಳೆಗಳನ್ನು ತೊಳೆದು ನೇರ ಒಗ್ಗರಣೆಗೆ ಹಾಕಿಬಿಟ್ಟಳು. ಸಂಶಿಯಲ್ಲಿ ಬಕ್ರೀದಿನ ಮಾಂಸಕ್ಕೆ ಕಾಟಾಚಾರಕ್ಕೆ ಉಪ್ಪು ಸವರಿ ಒಣಗಿಸುತ್ತಾರೆ, ಹಬ್ಬದ ಮುಂದಿನ ವಾರಕ್ಕೆ ಅದು ಮುಗಿದುಹೋಗುತ್ತದೆ. ಇಲ್ಲಿಯ ಉಪ್ಪು ವರ್ಷ ಬಾಳುವ ಉಪ್ಪು ಎಂದು ಅವಳಿಗೇನು ಗೊತ್ತು. ಖಾಜಾಸಾಬ ಒಂದು ತುತ್ತು ತಿಂದು, ಒಂದು ತಂಬಿಗೆ ನೀರು ಕುಡಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆಕಿ ಮುಂಜಾನೆನಽ ನೆನಿ ಹಾಕತಿದ್ಳು," ಅಂದ.

ಆಕಿ. ಹೆಸರೂ ಇಲ್ಲ. ಹೆಸರು ಹೇಳುವ ಅಗತ್ಯ ಇಲ್ಲದಷ್ಟು ಆ ಮನೆಯಲ್ಲಿ ಆಕಿ ಒಬ್ಬಳೇ. ಎದುರಿಗೆ ತಲೆಯ ಮೇಲೆ ಸೆರಗು ಹೊದ್ದು ನಿಂತವಳಿಗೆ ಮಾತ್ರ ಏ ಎಂದು ಕೂಗಿದರೆ ಸಾಕು. ಜರೀನಾಗೆ ಮೈಯೆಲ್ಲ ಉರಿದುಹೋಯಿತು. ತಾಟು ತೆಗೆಯುತ್ತ, ಇವಳ ಉಪ್ಪಿನ ಒಂದು ಕಣ ನನ್ನ ನಾಲಿಗೆಗೆ ತಾಗಿದರೆ ನಾನು ಬಾಷಾಸಾಬನ ಮಗಳಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಳು. ಅವತ್ತು ಅತ್ತೆಗೂ ಗಂಡನಿಗೂ ಮಧ್ಯಾಹ್ನ ಉಳಿದಿದ್ದ ಬೇಳೆ ಸಾರು ಬಡಿಸಿ, ತಾನು ಉಳ್ಳಾಗಡ್ಡಿ ಕಚ್ಚಿಕೊಂಡು ರೊಟ್ಟಿ ತಿಂದಳು.

ಆದರೂ ಅಡುಗೆ ಕಲಿಯದೆ ಗತಿಯಿರಲಿಲ್ಲ. ದುರಗಪ್ಪನ ಹೆಂಡತಿ ಮರೆವ್ವ ಹಿತ್ತಲ ಬೇಲಿಯಾಚೆಯಿಂದ ಕಲಿಸಿಕೊಟ್ಟಳು. ಅಕ್ಕಿ ತೊಳೆದ ನೀರಿನಲ್ಲಿ ಬೆಳಗಿನಿಂದ ನೆನೆಯಬೇಕು, ನಡುವೆ ನೀರು ಬದಲಿಸಬೇಕು. ಆಮೇಲೆ ಕೆಂಡದ ಮೇಲೆ ಸುಡಬೇಕು, ಬಿಸಿ ಇರುವಾಗಲೇ ಕಲ್ಲಿನ ಮೇಲೆ ಕುಟ್ಟಿ ನಾರು ಬಿಡಿಸಬೇಕು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣ ಮೆಣಸಿನಕಾಯಿ, ಮೇಲೆ ಗುರೆಳ್ಳು ಪುಡಿ. ಉಪ್ಪು ಮಾತ್ರ ಕೊನೆಗೆ, ಬಾಯಿಗೆ ಹಾಕಿ ನೋಡಿ ಬೇಕಾದರೆ ಅಷ್ಟು. ಜರೀನಾ ಎಲ್ಲ ಮಾಡಿದಳು, ಬಾಯಿಗೆ ಹಾಕಿ ನೋಡುವುದೊಂದು ಬಿಟ್ಟು. ಕೈ ಅಂದಾಜಿನ ಮೇಲೆ ಮಾಡಿದಳು. ಕೆಲವು ಗುರುವಾರ ಸಪ್ಪೆಯಾಯಿತು, ಕೆಲವು ಗುರುವಾರ ಉಪ್ಪಾಯಿತು, ಬರಬರುತ್ತ ಸರಿಹೋಯಿತು. ಸರಿಹೋದ ದಿನ ಖಾಜಾಸಾಬ ಬೆರಳು ನೆಕ್ಕಿ ಉಂಡು, ಆಕಿ ಖಂಡ ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ ನೋಡು, ಅಂದ. ಬೆಳಗಿನಿಂದ ನೆನೆಸಿ, ಸುಟ್ಟು, ಕುಟ್ಟಿ, ಬೆವರು ಸುರಿಸಿದವಳು ಒಬ್ಬಳು, ಹೊಗಳಿಕೆ ಇನ್ನೊಬ್ಬಳಿಗೆ. ಇದಕ್ಕೆ ಯಾವ ಖಾಜಿಯ ಹತ್ತಿರ ನ್ಯಾಯ ಕೇಳುವುದು.

ಆ ಚಳಿಗಾಲದಲ್ಲಿ ಖಾಜಾಸಾಬ ಎಷ್ಟು ಓಡಿದರೂ ಉಸಿರಿರುವ ಕಡವೆ ಒಂದೂ ಸಿಗಲಿಲ್ಲ, ಗಡಿಗೆಗೆ ಹೊಸದು ಬೀಳಲಿಲ್ಲ. ಮುಂದೆ ಜರೀನಾಗೆ ದಿನ ನಿಂತವು. ಅತ್ತೆಯ ಕಾಲು ನೆಲಕ್ಕೆ ತಾಗಲಿಲ್ಲ. ಬಾಯಿ ಬಿಟ್ಟು ಅನ್ನದಿದ್ದರೂ, ಇಷ್ಟು ವರ್ಷ ತೊಟ್ಟಿಲು ಕಾಣದ ಮನೆ ಅದು. ಜರೀನಾಗೂ ಒಳಗೊಳಗೆ ಹಿಗ್ಗು. ಗಡಿಗೆ ತುಂಬಿಟ್ಟು ಹೋದವಳಿಗೆ ಕೊಡಲಾಗದ್ದನ್ನು ತಾನು ಕೊಡುತ್ತಿದ್ದೇನೆ, ಇನ್ನಾದರೂ ಈ ಮನೆ ನನ್ನದಾದೀತು ಎಂದುಕೊಂಡಳು. ಬೇಸಿಗೆಯಲ್ಲಿ ಅವಳಿಗೆ ನಿಂತಲ್ಲಿ ಕಣ್ಣಿಗೆ ಕತ್ತಲೆ ಬರತೊಡಗಿತು. ಅತ್ತೆ ಅವಳನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಕಲಘಟಗಿಯ ದವಾಖಾನೆಗೆ ಕರೆದುಕೊಂಡು ಹೋದಳು. ನರ್ಸಬಾಯಿ ಕಣ್ಣಿನ ರೆಪ್ಪೆ ಎಳೆದು ನೋಡಿ, ಇವಳ ಮೈಯಲ್ಲಿ ರಕ್ತವೇ ಇಲ್ಲ, ಹೀಗಾದರೆ ಹೆರಿಗೆ ಕಠಿಣ ಅಂದಳು. ಕೆಂಪು ಗುಳಿಗೆ ಕೊಟ್ಟಳು. ಸೊಪ್ಪು, ಬೆಲ್ಲ, ತತ್ತಿ, ಮಾಂಸ ತಿನ್ನಬೇಕು, ಕಾಲು ಊದಿಕೊಂಡಿವೆ, ಉಪ್ಪು ಕಡಿಮೆ ಮಾಡಬೇಕು ಎಂದು ಹೇಳಿ ಕಳಿಸಿದಳು.

ಶಮೀಮಾಬಿ ಗುಳಿಗೆಯ ಪುಡಿಕೆಯನ್ನು ಗೂಡಿನಲ್ಲಿಟ್ಟು, ನೇರ ಅಟ್ಟದ ಕಡೆಗೆ ನಡೆದಳು.

"ಗುಳಿಗಿ ರಕ್ತ ಮಾಡತೈತೋ ಇಲ್ಲೋ ಅಲ್ಲಾಗ ಗೊತ್ತು," ಅಂದಳು. "ಕುರಿ ಓಣ್ಯಾಗಿನ ಕಾಗದ ತಿಂತೈತಿ. ಕಡವಿ ಅಡವ್ಯಾಗಿನ ಗಿಡಗಿಡದ ಚಿಗುರು ತಿಂದಿರತೈತಿ. ಕೊಬ್ಬಿಲ್ಲ, ಬರೇ ಬಲ. ನಮ್ಮ ಫಾತಿಮಾ ಇಟ್ಟಹೋಗ್ಯಾಳ, ನಿನಗಽ ಆತು."

ಅವತ್ತಿನಿಂದ ಶುರುವಾಯಿತು. ಅತ್ತೆ ಉಪ್ಪು ಹೋಗಲೆಂದು ಎಳೆಯನ್ನು ಎರಡೆರಡು ಸಲ ನೆನೆಸಿ ಹಿಂಡುತ್ತಿದ್ದಳು, ಕುಟ್ಟುತ್ತಿದ್ದಳು, ಮೆಣಸು ಬೆಳ್ಳುಳ್ಳಿ ಹಾಕಿ ಅರ್ಧ ಮುಂಜಾನೆ ಸಣ್ಣ ಉರಿಯಲ್ಲಿ ಕುದಿಸುತ್ತಿದ್ದಳು. ಅದರ ರಸವನ್ನೂ ಮೆತ್ತಗಾದ ಖಂಡವನ್ನೂ ಚೀನಿ ಬಟ್ಟಲಲ್ಲಿ ಹಾಕಿ ಸೊಸೆಯ ಕೈಗೆ ಕೊಡುತ್ತಿದ್ದಳು. ಆ ವಾಸನೆಗೆ ಜರೀನಾಳ ಬಾಯಲ್ಲಿ ನೀರು ಬರುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಬಸುರಿ ಹೊಟ್ಟೆ ಅದನ್ನು ಬೇಡುತ್ತಿತ್ತು, ಕಾಡುತ್ತಿತ್ತು. ಆದರೆ ಬಟ್ಟಲನ್ನು ತುಟಿಯ ಹತ್ತಿರ ತಂದಾಗಲೆಲ್ಲ ಅವಳಿಗೆ ಗಡಿಗೆಯ ಬಾಯಿಗೆ ಬಾಗಿದ ಗಂಡನ ಮುಖ ಕಾಣುತ್ತಿತ್ತು. ನನ್ನ ಕೂಸನ್ನೂ ಆಕಿಯ ಉಪ್ಪಿನಲ್ಲಿ ಬೆಳೆಸಲೇ ಎಂದು ಅವಳ ಜೀವ ಕುದಿಯುತ್ತಿತ್ತು. ಬಿಸಿ ಇದೆ, ಗಾಳಿಗೆ ಕೂತು ಕುಡಿಯುತ್ತೇನೆ ಅಮ್ಮಾ, ಎಂದು ಹಿತ್ತಲಿಗೆ ಹೋಗಿ ಬೇಲಿಯ ಬುಡಕ್ಕೆ ಸುರುವಿ ಬರುತ್ತಿದ್ದಳು. ಅತ್ತೆಗೆ ಕಣ್ಣು ಮಂದ. ಖಾಲಿ ಬಟ್ಟಲು ನೋಡಿ ಅಲ್ಲಾನಿಗೆ ಶುಕ್ರಿಯಾ ಹೇಳುತ್ತಿದ್ದಳು.

ಶುಕ್ರಿಯಾ ಹೇಳಬೇಕಾದದ್ದು ಮರೆವ್ವನ ನಾಯಿ. ಬೇಲಿಯ ಕೆಳಗಿನಿಂದ ಮೂತಿ ತೂರಿಸಿ ಅದು ದಿನಾ ಹಾಜರು. ಬೇಸಿಗೆ ಮುಗಿಯುವಷ್ಟರಲ್ಲಿ ಎಲುಬು ಎಣಿಸಬಹುದಾಗಿದ್ದ ಆ ಬಡಕಲು ನಾಯಿಯ ಮೈ ಎಣ್ಣೆ ಹಚ್ಚಿದಂತೆ ಮಿಂಚತೊಡಗಿತು. ಇತ್ತ ಜರೀನಾ ಗೋಡೆ ಹಿಡಿದು ನಡೆಯುತ್ತಿದ್ದಳು. ಒಂದು ದಿನ ಮರೆವ್ವ ಬೇಲಿಗೆ ಒರಗಿ ನಾಯಿಯನ್ನೂ ಅವಳನ್ನೂ ಬದಲು ಬದಲಾಗಿ ನೋಡಿದಳು. ಅವಳೇನು ಕಣ್ಣಿಲ್ಲದವಳೇ.

"ನಮ್ಮ ನಾಯಿ ಈಗ ಮೂರ ಮರಿ ಹೆತ್ತರೂ ದಣಿಯೂದಿಲ್ಲ ಬಿಡು," ಅಂದಳು. "ನಿನ್ನ ಚಿಂತಿ ಮಾಡ ನೀ."

ಜರೀನಾ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಮರೆವ್ವ ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಅದು ಅವಳ ದೊಡ್ಡಗುಣ. ಕೆಂಪು ಗುಳಿಗೆಯನ್ನಾದರೂ ಜರೀನಾ ತಪ್ಪದೆ ನುಂಗಿದಳು, ತತ್ತಿ ತಿಂದಳು, ನುಗ್ಗೆ ಸೊಪ್ಪು ತಿಂದಳು. ಬದುಕಿಸಿದ್ದು ಅವೇ ಇರಬೇಕು.

ಇದೇ ಹೊತ್ತಿನಲ್ಲಿ ಇನ್ನೊಂದು ಆಯಿತು. ಖಾಜಾಸಾಬ ಗುರುವಾರ ಗಡಿಗೆ ಇಳಿಸುವುದನ್ನು ಬಿಟ್ಟ. ದರ್ಗಾದಿಂದ ಬಂದು ಬೇಳೆ ಸಾರೋ ಝುಣಕವೋ ಇದ್ದದ್ದನ್ನು ಉಂಡು ಏಳುತ್ತಿದ್ದ. ಮೊದಲ ಗುರುವಾರ ಜರೀನಾಗೆ ಗೆದ್ದೆ ಅನ್ನಿಸಿತು. ಎರಡನೆಯದಕ್ಕೆ ಅನುಮಾನ ಬಂತು, ಅಲ್ಲಿಂದ ಮುಂದೆ ಅದು ಹುಳದಂತೆ ಕೊರೆಯತೊಡಗಿತು. ನನ್ನ ಕೈಯಲ್ಲಿ ಹಾಳಾಗುವುದು ಬೇಡ ಎಂದು ಬಿಟ್ಟನೇ? ಆಕಿಯದು ಮುಗಿದುಹೋದೀತೆಂದು ಉಳಿಸಿಕೊಳ್ಳುತ್ತಿದ್ದಾನೆಯೇ, ಹಾಳೆಯಲ್ಲಿ ಸುತ್ತಿಟ್ಟ ಅತ್ತರಿನ ಸೀಸೆಯ ಹಾಗೆ? ಹಾಗಾದರೆ ಅತ್ತೆ ದಿನಾ ತೆಗೆಯುವುದಕ್ಕೆ ಯಾಕೆ ಬೇಡ ಅನ್ನುವುದಿಲ್ಲ? ಕೇಳಿದರೆ ತೀರುತ್ತಿತ್ತು. ಆದರೆ ಆಕಿಯ ಮಾತನ್ನು ತಾನಾಗಿ ಎತ್ತುವುದೆಂದರೆ ಸೋತಂತೆ ಎಂದು ಜರೀನಾ ಬಾಯಿ ಹೊಲಿದುಕೊಂಡಳು. ಹೊಟ್ಟೆಕಿಚ್ಚಿನವರಿಗೆ ಇದೊಂದು ರೋಗ. ಬೇಕಾದದ್ದನ್ನು ಬಿಟ್ಟು ಬೇಡವಾದದ್ದನ್ನೆಲ್ಲ ಆಡುತ್ತಾರೆ.

ಮಳೆ ಹತ್ತುವ ಮೊದಲು ಅವಳನ್ನು ಹೆರಿಗೆಗೆ ಸಂಶಿಗೆ ಕಳಿಸಿದರು. ಶಮೀಮಾಬಿ ಗಡಿಗೆಯ ತಳಕ್ಕೆ ಕೈ ಹಾಕಿ, ಉಳಿದ ಎಳೆಗಳನ್ನೆಲ್ಲ ಬಳಿದು ಬಟ್ಟೆಯಲ್ಲಿ ಕಟ್ಟಿ ಸೊಸೆಯ ಗಂಟಿನಲ್ಲಿಟ್ಟಳು. ಬಾಣಂತಿಗೆ ಕುದಿಸಿ ಕೊಡಲಿಕ್ಕೆ ಬೀಗತಿಗೆ ಹೇಳು, ಅಂದಳು. ಖಾಜಾಸಾಬ ಬಸ್ಸಿನವರೆಗೆ ಆ ಗಂಟನ್ನು ಹೊತ್ತು ತಂದ. ಹುಬ್ಬಳ್ಳಿಯ ಬಸ್ಸು ಹತ್ತಿಸಿ, ನೀರು ತಾಗಬಾರದು, ತೊಡೆಯ ಮೇಲೆ ಇಟ್ಟುಕೋ, ಅಂದ. ತನಗೆ ಹುಷಾರು ಅನ್ನುವ ಮುಂಚೆ ಗಂಟಿಗೆ ಹುಷಾರು ಅಂದದ್ದನ್ನು ಜರೀನಾ ಕುಂದಗೋಳ ದಾಟುವವರೆಗೂ ಮನಸ್ಸಿನಲ್ಲಿ ಅರೆಯುತ್ತ ಕೂತಳು.

ಸಂಶಿಯಲ್ಲಿ ಅವಳು ಆ ಗಂಟನ್ನು ತಾಯಿಯ ಮುಂದೆ ಎಸೆದು, ನನಗೆ ಆ ವಾಸನೆ ಆಗುವುದಿಲ್ಲ, ನೀವೇ ಮಾಡಿಕೊಂಡು ತಿನ್ನಿ, ಅಂದಳು. ಮಾಡಿಕೊಂಡು ತಿಂದರು. ಅಪ್ಪ ಬಾಷಾಸಾಬ ಒಂದು ತುತ್ತಿಗೆ ಕಣ್ಣು ಮುಚ್ಚಿದ, ಎರಡನೆಯದಕ್ಕೆ ತಲೆ ತೂಗಿದ. ಇಂಥ ಖಂಡ ನಾನು ಹುಟ್ಟಿ ತಿಂದಿಲ್ಲ, ಇದನ್ನು ಮಾಡಿದ ಕೈಗೆ ಬಂಗಾರದ ಕಡಗ ಹಾಕಬೇಕು, ನಿಮ್ಮ ಅತ್ತೆ ಮಾಡಿದ್ದೇ, ಎಂದು ಕೇಳಿದ. ಜರೀನಾ ಎದ್ದು ಹೊರಗೆ ಹೋದಳು. ತವರುಮನೆ ಒಂದಾದರೂ ತನ್ನದು ಅಂದುಕೊಂಡಿದ್ದಳು, ಪಾಪ. ಫಾತಿಮಾಬಿ ಅಲ್ಲಿಗೂ ಬಂದು ಗೆದ್ದಳು.

ಹೆರಿಗೆ ಕಷ್ಟದ್ದೇ ಆಯಿತು. ಎರಡು ದಿನ ಸೂಲಗಿತ್ತಿಯ ಮುಖ ನೋಡುವ ಹಾಗಿರಲಿಲ್ಲ. ಕೊನೆಗೆ ಹೆಣ್ಣು ಕೂಸು, ಅಂಗೈಯಗಲದ್ದು, ಆದರೆ ಗಂಟಲು ದೊಡ್ಡದು. ತಾಯಿ ಮಗಳಿಬ್ಬರೂ ಉಳಿದರು. ದಸರಾ ಕಳೆದ ಮೇಲೆ, ಕೂಸು ಕೆನ್ನೆ ತುಂಬಿಕೊಂಡ ಮೇಲೆ, ಖಾಜಾಸಾಬ ಬಂದು ಕರೆದುಕೊಂಡು ಹೋದ. ಬಾಗಿಲಲ್ಲೇ ಶಮೀಮಾಬಿ ಮೊಮ್ಮಗಳನ್ನು ಎತ್ತಿಕೊಂಡು ಕೆನ್ನೆಗೆ ಕೆನ್ನೆ ಒತ್ತಿದಳು. ನೋಡು, ಫಾತಿಮಾಳ ಖಂಡ ಹೇಗೆ ಕೂಸಿನ ಕೆನ್ನೆಗೆ ಬಂದಿದೆ, ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು.

ಜರೀನಾ ನಾಲಿಗೆ ಕಚ್ಚಿಕೊಂಡಳು. ಒಂದು ಹನಿ ಕುಡಿದಿಲ್ಲ ನಾನು, ಈ ಕೆನ್ನೆ ನನ್ನ ಹಾಲಿನದು, ನನ್ನ ಹಾಲಿನದು, ಎಂದು ಕೂಗಬೇಕೆನ್ನಿಸಿತು. ಕೂಗಿದರೆ ಬೇಲಿಯ ಬುಡದ ಕತೆ ಹೊರಬೀಳುತ್ತದೆ. ಹೆತ್ತದ್ದು ಅವಳು, ನೋವು ಅವಳದು, ರಕ್ತ ಅವಳದು. ಹೆಸರು ಮಾತ್ರ ಗಡಿಗೆಯದು. ಆ ಗಡಿಗೆಯೋ ಈಗ ಖಾಲಿಯಾಗಿ ಅಟ್ಟದ ಮೇಲೆ ಬೋರಲು ಬಿದ್ದಿತ್ತು, ಆದರೂ ತುಂಬಿದ ಗಡಿಗೆಗಿಂತ ಜಾಸ್ತಿ ಮಾತಾಡುತ್ತಿತ್ತು. ಅವತ್ತೇ ಅವಳು ನಿಶ್ಚಯ ಮಾಡಿದಳು. ಈ ಚಳಿಗಾಲದಲ್ಲಿ ಅದು ತುಂಬಬೇಕು, ನನ್ನ ಕೈಯಿಂದ ತುಂಬಬೇಕು. ತಿಂದು ಗಂಡ ಒಂದು ಮಾತು ಹೇಳಬೇಕು, ನಿನ್ನದೇ ಚಲೋ ಎಂದು. ಆ ಒಂದು ಮಾತು ಬಿದ್ದರೆ ಫಾತಿಮಾಬಿ ಮಣ್ಣಿನಲ್ಲಿ ಸುಖವಾಗಿ ಮಲಗಲಿ, ನಾನೂ ಸುಖವಾಗಿ ಮಲಗುತ್ತೇನೆ. ಬೇರೆ ಏನೂ ಅವಳಿಗೆ ಬೇಕಿರಲಿಲ್ಲ.

ಭತ್ತ ಕೊಯ್ಲಿನ ಹೊತ್ತಿಗೆ ಕಡವೆ ಬಿತ್ತು. ಖಾಜಾಸಾಬ ಮುಳ್ಳು ಕಂಟಿಯಲ್ಲಿ ಬಿದ್ದು ಎದ್ದು ಓಡಿ, ಉಸಿರಿರುವಾಗಲೇ ಮುಟ್ಟಿದ್ದ. ಮೊಣಕಾಲು ಕೆತ್ತಿಸಿಕೊಂಡು, ಒಂದು ಹಿಂದೊಡೆ ಹೆಗಲಿಗೆ ಹಾಕಿಕೊಂಡು ಬಂದ. ಜರೀನಾ ಕೂಸನ್ನು ಅತ್ತೆಯ ತೊಡೆಗೆ ಹಾಕಿ, ಸೆರಗು ಬಿಗಿದು, ಚೂರಿ ಮಸೆದು ಕೂತಳು. ನೀನು ಅತ್ತ ಸರಿ, ನಾನು ತೋರಿಸುತ್ತೇನೆ, ಫಾತಿಮಾ ಹೀಗೆ ಕೊಯ್ಯುತ್ತಿದ್ದಳು, ಎಂದು ಅತ್ತೆ ಬಾಯಿ ತೆಗೆದದ್ದೇ ತಡ, ಅಮ್ಮಾ ಕೂಸು ಅಳುತ್ತಿದೆ ನೋಡಿ, ಅಂದಳು. ಕೂಸು ನಗುತ್ತಿತ್ತು.

ಫಾತಿಮಾಬಿಯ ಹಾಗೆ ಮಾಡಬಾರದೆಂದೇ ಅವಳ ಹಟ. ಅರಿಶಿನ ಉಪ್ಪಿನ ಜೊತೆ ತವರಿನ ಕೆಂಪು ಮೆಣಸಿನಕಾಯಿ ಅರೆದು ಹಚ್ಚಿದಳು. ಬಿಸಿಲು ಚೆನ್ನಾಗಿ ಕುಡಿಸಿದಳು. ಹೊಗೆಗೆ ಬಂದಾಗ ಎಡವಿದಳು. ನೇರಳೆ ಕಟ್ಟಿಗೆ ಆಕಿಯದು, ನನಗೆ ಬೇಡ ಎಂದು ಒಲೆಗೆ ಸಗಣಿಯ ಕುಳ್ಳು ಒಟ್ಟಿದಳು. ಕಟ್ಟಿಗೆ ಕಾಣದ ಸೀಮೆಯ ಹೆಣ್ಣುಮಗಳು ಮಾಡುವ ತಪ್ಪೇ ಅದು. ಸಂಶಿಯಲ್ಲಿ ಅಡುಗೆಯೆಲ್ಲ ಕುಳ್ಳಿನ ಮೇಲೆಯೇ. ಬೆಳಗಾಗುವಷ್ಟರಲ್ಲಿ ತೂಗುಬಿಟ್ಟ ಅರ್ಧ ಮಾಂಸ ದನದ ಕೊಟ್ಟಿಗೆಯ ನಾತ ಹೊಡೆಯುತ್ತಿತ್ತು. ಅತ್ತೆ ಮೂಗು ಮುಚ್ಚಿಕೊಂಡಳು. ಆ ಪಾಲು ಮರೆವ್ವನ ನಾಯಿಗೇ ಹೋಯಿತು. ಈ ಮನೆಯ ದೆಸೆಯಿಂದ ಆ ನಾಯಿಯ ಬಾಳು ಬೆಳಗಿತು ಅನ್ನಬೇಕು.

ಜರೀನಾ ಹಿತ್ತಲ ಮೂಲೆಯಲ್ಲಿ ಕೂತು ಒಂದು ಗಳಿಗೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಹೋಗಿ ಮರೆವ್ವನ ಹತ್ತಿರ ಕಟ್ಟಿಗೆ ಕೇಳಿದಳು. ಮರೆವ್ವ ಕೊಟ್ಟದ್ದು ನೇರಳೆಯೇ. ಉಳಿದರ್ಧ ಅದರ ಹೊಗೆಯಲ್ಲಿ ನಿಧಾನ ಒಣಗಿತು. ದಿನಾ ಮುಟ್ಟಿ ನೋಡಿದಳು, ಬಗ್ಗಿಸಿ ನೋಡಿದಳು. ಎಳೆ ಬಗ್ಗದೆ ಮುರಿಯುವಂತಾದ ದಿನ ಗಡಿಗೆಯನ್ನು ತೊಳೆದು, ಬಿಸಿಲಿಗಿಟ್ಟು, ತುಂಬಿ, ಹೊಸ ಬಟ್ಟೆ ಕಟ್ಟಿದಳು. ಗಡಿಗೆ ಅರ್ಧವೇ ತುಂಬಿತು. ಅರ್ಧವಾದರೂ ಅವಳದು.

ಗುರುವಾರ ಬಂತು. ಬೆಳಗಿನಿಂದ ಅಕ್ಕಿ ನೀರಿನಲ್ಲಿ ನೆನೆಸಿದಳು, ಕೆಂಡದ ಮೇಲೆ ಸುಟ್ಟಳು, ಕುಟ್ಟಿದಳು. ಈ ಸಲ ಬಾಯಿಗೆ ಹಾಕಿಯೂ ನೋಡಿದಳು. ಚೆನ್ನಾಗಿತ್ತು, ಖರೇ ಚೆನ್ನಾಗಿತ್ತು. ಎದೆ ಡವಗುಟ್ಟುತ್ತಿತ್ತು, ನಿಕಾದ ದಿನವೂ ಅಷ್ಟು ಡವಗುಟ್ಟಿರಲಿಲ್ಲ. ಖಾಜಾಸಾಬ ದರ್ಗಾದಿಂದ ಬಂದು ಕೈಕಾಲು ತೊಳೆದು ಕೂತ. ಅತ್ತೆ ಪಡಸಾಲೆಯಲ್ಲಿ ಕೂಸನ್ನು ತೂಗುತ್ತಿದ್ದಳು. ಜರೀನಾ ಬಿಸಿ ರೊಟ್ಟಿಯ ಪಕ್ಕದಲ್ಲಿ ಖಂಡ ಬಡಿಸಿ, ಒಲೆಯ ಹತ್ತಿರ ಕೆಲಸವಿದ್ದವಳಂತೆ ಕೂತಳು.

ಅವನು ಒಂದು ತುತ್ತು ತಿಂದ. ಇನ್ನೊಂದು ತಿಂದ. ನೀರಿನ ತಂಬಿಗೆಗೆ ಕೈ ಹೋಗಲಿಲ್ಲ. ಒಂದು ರೊಟ್ಟಿ ಮುಗಿಸಿ ಇನ್ನೊಂದು ಬೇಡಿದ, ಇನ್ನಷ್ಟು ಖಂಡ ಬೇಡಿದ. ಚಲೋ ಆಗಿದೆ ಎಂದೂ ಅಂದ. ಹೇಳಿ ನೋಡೋಣ, ಯಾವ ಹೆಂಗಸಿಗೆ ಅಷ್ಟು ಸಾಲದು? ಅವಳು ಅಲ್ಲಿಗೇ ಬಿಟ್ಟಿದ್ದರೆ ಸುಖವಾಗಿ ಕೈ ತೊಳೆದುಕೊಳ್ಳಬಹುದಿತ್ತು.

ಆದರೆ ಅವಳಿಗೆ ಬೇಕಾದದ್ದು ಆ ಮಾತಲ್ಲ.

"ಯಾರದು ಚಲೋ ಐತ್ರಿ?" ಅಂದಳು. "ನಂದೋ, ಆಕೀದೋ?"

ಆಕಿ ಎಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಪಡಸಾಲೆಯಲ್ಲಿ ಅತ್ತೆಯ ಜೋಗುಳ ನಿಂತಿತು. ಖಾಜಾಸಾಬ ತುತ್ತು ಕೈಯಲ್ಲಿ ಹಿಡಿದು ಅವಳ ಮುಖ ನೋಡಿದ. ಸಿಟ್ಟು ಇರಲಿಲ್ಲ ಅವನ ಕಣ್ಣಲ್ಲಿ. ಇಷ್ಟು ಸಣ್ಣ ಲೆಕ್ಕ ನನ್ನನ್ನು ಯಾಕೆ ಕೇಳುತ್ತಾಳೆ ಎಂಬ ಆಶ್ಚರ್ಯ ಇತ್ತು.

"ನಾ ಹೆಂಗ ಹೇಳಲಿ?" ಅಂದ. "ನನಗ ಆಕೀ ಕೈ ರುಚಿ ಮರತಽ ಹೋತು. ನರ್ಸಬಾಯಿ ನಿನ್ನ ಮೈಯಾಗ ರಕ್ತ ಇಲ್ಲ ಅಂದ ದಿನದಿಂದ ನಾ ಅದನ್ನ ಬಾಯಾಗ ಇಟ್ಟಿಲ್ಲ. ಇದ್ದದ್ದು ಸ್ವಲ್ಪ, ನಾ ತಿಂದರ ನಿನಗ ಕಮ್ಮಿ ಬಿದ್ದೀತು ಅಂತ ಅಮ್ಮಗ ಹೇಳಿದ್ದೆ, ಅಷ್ಟೂ ಜರೀನಾಗ ಇರಲಿ ಅಂತ." ತುತ್ತು ಬಾಯಿಗೆ ಹಾಕಿಕೊಂಡು, ನಿಧಾನ ಅಗಿದು, ನಕ್ಕ. "ಕಡೀತನಕ ತಿಂದಾಕಿ ನೀನು. ನೀನಽ ಹೇಳು, ಯಾರದು ಚಲೋ?"

ಜರೀನಾಗ ಎಂದ. ಏ ಅನ್ನಲಿಲ್ಲ. ಅಮ್ಮನ ಹತ್ತಿರವೂ ಹೆಸರು ಹಿಡಿದೇ ಹೇಳಿದ್ದನಂತೆ.

ಜರೀನಾ ಒಲೆಯ ಕಡೆ ತಿರುಗಿದಳು. ಗುರುವಾರ ಗುರುವಾರ ಬೇಳೆ ಸಾರು ಉಂಡು ಎದ್ದುಹೋದ ಗಂಡಸು, ಗಂಟನ್ನು ಬಸ್ಸಿನವರೆಗೆ ಹೊತ್ತು ತಂದು ನೀರು ತಾಗಬಾರದು ಅಂದ ಗಂಡಸು, ಯಾರಿಗಾಗಿ ಅಂದನೆಂದು ಈಗ ತಿಳಿಯಿತು. ತಾನು ಚೆಲ್ಲಿದ್ದು ಆಕಿಯದಲ್ಲ, ಅವನು ಬಾಯಿ ಕಟ್ಟಿಕೊಂಡು ತನಗೆಂದು ಬಿಟ್ಟದ್ದು. ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಅವನಿಗೆ ಆ ರುಚಿ ವಾಪಸು ಬರುತ್ತದೆಯೇ? ಅವನು ಕಾಯುತ್ತಿದ್ದ, ಅಗಿಯುವುದು ನಿಲ್ಲಿಸಿ, ಅವಳು ಏನನ್ನುತ್ತಾಳೆಂದು ಖರೇನೇ ತಿಳಿಯಬೇಕಾದವನ ಹಾಗೆ. ಆ ರುಚಿಯ ಸುದ್ದಿ ಈಗ ಅವಳೊಬ್ಬಳಿಂದಲೇ ಸಿಗಬೇಕಿತ್ತು.

"ಆಕೀದು," ಅಂದಳು ಜರೀನಾ. ಇನ್ನೊಮ್ಮೆ ಅಂದಳು. "ಆಕೀದಽ ಚಲೋ ಇತ್ತು."

ಖಾಜಾಸಾಬ ತಲೆಯಾಡಿಸಿದ. ಇರಬೇಕು ಅಂದ. ಆಮೇಲೆ ತಾಟನ್ನು ಅವಳ ಕಡೆಗೆ ಅರ್ಧ ಸರಿಸಿ, ಆರಿಹೋಗುತ್ತದೆ, ನೀನೂ ಉಣ್ಣು ಬಾ, ಎಂದು ಕರೆದ.